ಯೇವಲಾ ಸ್ಟ್ಯಾಂಡಿನಲ್ಲಿ ಹೇಳಿ ಕಳಿಸಿದ ಮಾತು

ಕೇಳಬಾರದಿದ್ದ ಪ್ರಶ್ನೆಯನ್ನು ನಾನು ಮೊದಲ ಐದು ನಿಮಿಷದಲ್ಲೇ ಕೇಳಿಬಿಟ್ಟೆ.

ನಾಸಿಕದ ನ್ಯಾಯಾಲಯದ ಆವರಣದಲ್ಲಿರುವ ಮಧ್ಯಸ್ಥಿಕೆ ಕೇಂದ್ರದ ಕೋಣೆ ಅದು. ದುಂಡು ಮೇಜು, ನಾಲ್ಕು ಕುರ್ಚಿ, ನೀರಿನ ಜಗ್ಗು, ಪೂರ್ತಿ ಮುಚ್ಚದ ಒಂದು ಕಿಟಕಿ. ಬೇರೆಯಾಗಲು ಹೊರಟ ಗಂಡ ಹೆಂಡತಿಯರನ್ನು ನ್ಯಾಯಾಧೀಶರು ನಮ್ಮ ಹತ್ತಿರ ಕಳಿಸುತ್ತಾರೆ. ಅವರನ್ನು ಮತ್ತೆ ಒಂದು ಮಾಡುವುದು ನಮ್ಮ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮುರಿದದ್ದು ಮುರಿದೇ ಹೋಗಲಿ, ಮುರಿಯುವಾಗಲಾದರೂ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಲಿ ಎನ್ನುವುದಷ್ಟೇ ನಮ್ಮ ಪ್ರಯತ್ನ. ಅಂದು ಕಡತದಲ್ಲಿ ಇಬ್ಬರ ಕನ್ನಡದ ಅಡ್ಡಹೆಸರು ನೋಡಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾಸಿಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ನಮ್ಮ ಕಡೆಯವರನ್ನು ಹುಡುಕುವ ಚಟ ಬಿಟ್ಟಿಲ್ಲ.

"ಕನ್ನಡ ಬರ್ತದೇನ್ರಿ?" ಎಂದೆ. ಇಬ್ಬರೂ ತಲೆಯೆತ್ತಿದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಯಾವ ಊರ್ರಿ ನಿಮ್ದು?" ಎಂದು ಮುಂದುವರಿದೆ.

ಗಂಡ ಕಲಬುರಗಿ ಜಿಲ್ಲೆಯ ಸೇಡಂ ಕಡೆಯವನು. ಹೆಂಡತಿ ಬೀದರ ಜಿಲ್ಲೆ, ಭಾಲ್ಕಿ ಹತ್ತಿರದ ಒಂದು ಹಳ್ಳಿಯವಳು.

"ಭಾಲ್ಕಿ? ನಮ್ಮ ತವರುಮನಿ ಭಾಲ್ಕಿನೇ," ಎಂದೆ ನಾನು, ದೊಡ್ಡ ಉಪಕಾರ ಮಾಡಿದವಳಂತೆ.

"ಹೌದೇನ್ರಿ? ಹಂಗಾರ ನೀವು ನಮ್ಗ ಅಕ್ಕನೇ ಆದ್ರಿ," ಎಂದಳು ಆಕೆ. ಆ ಬೆಳಗ್ಗೆ ಆಕೆಯ ಮುಖದಲ್ಲಿ ಮೊದಲ ಸಲ ಬಣ್ಣ ಬಂತು. ಗಂಡ ಮೇಜಿನ ಮೇಲಿದ್ದ ತನ್ನ ಎರಡೂ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ನಾನದನ್ನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರು. ಅದರ ಕಾರಣಗಳು ಇಲ್ಲಿ ಬೇಡ. ತಕರಾರು ಇದ್ದದ್ದು ಒಂಬತ್ತು ವರ್ಷದ ಮಗಳ ವಿಷಯದಲ್ಲಿ. ಆಕೆಗೆ ನಾಸಿಕದ ಬ್ಯಾಂಕೊಂದರಲ್ಲಿ ನೌಕರಿ, ಮಗಳು ಆಕೆಯ ಜೊತೆ. ಆತ ಛತ್ರಪತಿ ಸಂಭಾಜಿನಗರದಲ್ಲಿ, ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವವನು. ತಿಂಗಳಿಗೆ ಎರಡು ಶನಿವಾರ ತಾಯಿ ಮಗಳನ್ನು ಬಸ್ಸಿನಲ್ಲಿ ಯೇವಲಾವರೆಗೆ ಕರೆತರುವುದು, ತಂದೆ ಆ ಕಡೆಯಿಂದ ಬಂದು ಕರೆದುಕೊಂಡು ಹೋಗುವುದು, ಭಾನುವಾರ ಮಧ್ಯಾಹ್ನ ಅದೇ ಸ್ಟ್ಯಾಂಡಿನಲ್ಲಿ ವಾಪಸು ಒಪ್ಪಿಸುವುದು. ಯೇವಲಾ ಸುಮಾರಾಗಿ ನಡುದಾರಿ. ಒಂದು ವರ್ಷ ಹೀಗೇ ಸಾಗಿತ್ತು. ಆಮೇಲೆ ಒಂದು ಶನಿವಾರ ಆತ ನಲವತ್ತು ನಿಮಿಷ ತಡವಾಗಿ ಬಂದ. ಸ್ಟ್ಯಾಂಡಿನಲ್ಲಿ ಮಗಳೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಮರುವಾರವೇ ಮಗಳನ್ನು ಪೂರ್ತಿ ತನಗೇ ಒಪ್ಪಿಸಬೇಕೆಂದು ಅರ್ಜಿ ಹಾಕಿದ. ಆಕೆ ಶನಿವಾರಗಳನ್ನೇ ನಿಲ್ಲಿಸಬೇಕೆಂದು ಎದುರು ಅರ್ಜಿ ಹಾಕಿದಳು. ತೀರ್ಮಾನ ಆಗುವವರೆಗೆ ಶನಿವಾರಗಳು ನಡೆಯಲಿ ಎಂದು ನ್ಯಾಯಾಧೀಶರು ಹೇಳಿದ್ದರು. ಮಧ್ಯಸ್ಥಿಕೆ ಫಲಿಸದಿದ್ದರೆ ಮುಂದಿನ ತಾರೀಖಿಗೆ ಮಗುವನ್ನು ಕರೆತನ್ನಿ, ಚೇಂಬರಿನಲ್ಲಿ ನಾನೇ ಮಾತಾಡಿಸುತ್ತೇನೆ ಎಂದೂ ಹೇಳಿದ್ದರು.

ಚೇಂಬರಿನಿಂದ ಹೊರಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಕಾರಿಡಾರಿನ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಅಮ್ಮ. ಯಾವ ಕಡೆ ಹೆಜ್ಜೆ ಇಟ್ಟರೂ ತಪ್ಪು ಎಂದು ಬಾಗಿಲಲ್ಲೇ ನಿಲ್ಲುತ್ತವೆ. ನ್ಯಾಯಾಧೀಶರದು ಏನೂ ತಪ್ಪಿಲ್ಲ, ಅವರು ಮೆತ್ತಗೇ ಕೇಳುತ್ತಾರೆ. ಆದರೂ ಈ ಹುಡುಗಿ ಆ ಬಾಗಿಲಿಗೆ ಬರಬಾರದು ಎಂದು ನಾನು ಮೊದಲ ದಿನವೇ ಹಟ ಹಿಡಿದೆ.

ಜಂಟಿ ಮಾತುಕತೆಯಾದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದು ನಮ್ಮ ಕ್ರಮ. ಅಲ್ಲಿ ಒಬ್ಬರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಈ ಒಂದು ನಿಯಮ ಮುರಿದರೆ ನಮ್ಮ ಕೋಣೆಗೂ ಚಹಾದಂಗಡಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಹೆಂಡತಿ ಮೊದಲು ಕೂತಳು. ಒಂದು ವರ್ಷದಿಂದ ಗಂಡ ಹೆಂಡತಿ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಫೋನಿನಲ್ಲಿ ಆಕೆ ಆತನನ್ನು ಬ್ಲಾಕ್ ಮಾಡಿದ್ದಳು, ಆತ ಆಕೆಯನ್ನು.

"ಮತ್ತ ಹೇಳೂದು ಕೇಳೂದು ಹ್ಯಾಂಗ ಮಾಡ್ತೀರಿ?"

"ಮಗಳ ಕಡೆ ಹೇಳಿ ಕಳಸ್ತೀನ್ರಿ. ಸ್ಟ್ಯಾಂಡಿನ್ಯಾಗ ನಾ ಈ ಕಡೆ ಕಲ್ಲುಬೆಂಚಿನ ಮ್ಯಾಲ ಕೂಡ್ತೀನಿ, ಅವ್ರು ಆ ಕಡೆ ಕಂಬದ ಹತ್ರ ನಿಂತಿರ್ತಾರ. ಆಕಿ ಹೋಗಿ ಹೇಳ್ತಾಳ." ಆಮೇಲೆ ದನಿ ಏರಿತು. "ಅವತ್ತಿಂದೂ ಹೇಳಿ ಕಳಿಸಿದ್ದೆ. ಅದರ ಹಿಂದಿನ ಸಲವೇ ಹೇಳಿದ್ದೆ. ನಿಮ್ಮ ಪಪ್ಪಗ ಹೇಳು, ಇನ್ನೊಂದ್ ಸಲ ಐದು ನಿಮಿಷ ತಡ ಆದ್ರೂ ನಾ ನಿಲ್ಲಂಗಿಲ್ಲ, ಹೊಳ್ಳಿ ಹೋಗ್ತೀನಿ ಅಂತ. ಗೊತ್ತಿದ್ದೂ ನಲವತ್ತು ನಿಮಿಷ ಮಾಡಿದ್ರು. ಬೇಕಂತೇ ಮಾಡಿದ್ರು."

"ಇದನ್ನ ಅವರಿಗೆ ಹೇಳಬಹುದೇನು ನಾನು?"

"ಬ್ಯಾಡ್ರಿ ಅಕ್ಕಾ. ಹೊಳ್ಳಿ ಹೋಗ್ತೀನಿ ಅಂದಿದ್ದನ್ನೇ ಅವ್ರ ವಕೀಲ ಹಿಡೀತಾನ."

ಸರಿ, ಅದಕ್ಕೆ ಬೀಗ ಬಿತ್ತು. ಗಂಡನ ಸರದಿ ಬಂದಾಗ ಆತ ಆಡಿದ ಮಾತು ಮೂರೇ. ಹೌದ್ರಿ, ಇಲ್ರಿ, ವಕೀಲ್ರು ಹೇಳ್ತಾರ್ರಿ. ಮೂರನ್ನೇ ತಿರುಗಿಸಿ ಮುರುಗಿಸಿ ಅರ್ಧ ಗಂಟೆ ತಳ್ಳಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಂಥವಳು ಈ ಕೆಲಸಕ್ಕೆ ಹೇಗೆ ಬಂದೆ ಎಂದು ನನ್ನ ಮನೆಯವರು ಈಗಲೂ ಕೇಳುತ್ತಾರೆ. "ಬಾಯಿ ಬಿಡೂದಿಲ್ಲ ಅಂದ್ರ ಇಷ್ಟು ದೂರ ಯಾಕ ಬಂದೀರಿ?" ಎಂದುಬಿಟ್ಟೆ. ಆತ ಎದ್ದು ಕೈ ಮುಗಿದು ಹೊರಗೆ ಹೋದ. ಮುಂದಿನ ಭೇಟಿಗೆ ಬರಲೇ ಇಲ್ಲ. ರಜೆ ಸಿಗಲಿಲ್ಲ ಎಂದು ಒಂದು ಸಾಲಿನ ಚೀಟಿ ಬಂತು.

ಒಂದು ಭೇಟಿ ಹಾಗೆ ಖಾಲಿ ಹೋಯಿತು. ನ್ಯಾಯಾಧೀಶರು ಕೊಟ್ಟ ತಾರೀಖು ಹತ್ತಿರವಾಗುತ್ತಿತ್ತು. ಕೇಂದ್ರದ ಗುಮಾಸ್ತೆ "ವಿಫಲ ಅಂತ ಬರೆದುಬಿಡಲಾ ಮೇಡಂ?" ಎಂದು ಮರಾಠಿಯಲ್ಲಿ ಸರಳವಾಗಿ ಕೇಳಿದಳು. ನಮ್ಮಲ್ಲಿ ಅದಕ್ಕೆ ಅಚ್ಚಾದ ನಮೂನೆಯೇ ಇದೆ, ಸಹಿ ಹಾಕಿದರೆ ಮುಗಿಯಿತು. ಒಂದು ದಿನ ತಡಿ ಎಂದೆ.

ಮರುದಿನ ತಿಂಡಿ ತಿನ್ನುವಾಗ ನಮ್ಮ ಯಜಮಾನರು, ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು, ಯಾಕೆ ಮುಖ ಹಾಗಿದೆ ಎಂದರು. ಪ್ರಕರಣದ ಸುದ್ದಿ ಮನೆಯಲ್ಲಿ ಹೇಳುವಂತಿಲ್ಲ. ಒಬ್ಬರು ಮಾತೇ ಆಡುತ್ತಿಲ್ಲ ಎಂದಷ್ಟೇ ಹೇಳಿದೆ.

"ನಮ್ಮ ಕಡೆ ಮಂದಿ ಏನು?"

ನಾನು ಅವರ ತಟ್ಟೆಗೆ ಪಲ್ಯ ಬಡಿಸಿದೆ.

"ಊರು ಕೇಳಿದಿ ಹೌದಿಲ್ಲೋ? ಮೊನ್ನೆ ಗ್ಯಾಸ್ ಕೊಡಾವಗೂ ಕೇಳಿದಿ," ಎಂದು ನಗುತ್ತಾ ಇನ್ನೊಂದು ರೊಟ್ಟಿ ಹಾಕಿಕೊಂಡರು.

ನನಗೆ ನಗು ಬರಲಿಲ್ಲ. ಹೊರನಾಡಿನಲ್ಲಿರುವ ನಮಗೆ ಕನ್ನಡದವರು ಸಿಕ್ಕರೆ ಊರು ಕೇಳದೆ ಇರಲಾಗುವುದಿಲ್ಲ. ಊರು ಸಿಕ್ಕರೆ ನೆಂಟಸ್ತನ ಹುಡುಕುತ್ತೇವೆ. ಆ ದುಂಡು ಮೇಜಿನ ಮುಂದೆ ನಾನು ಹೆಂಡತಿಗೆ ತವರಿನವಳಾಗಿದ್ದೆ. ಆತನ ಎದುರಿಗೇ, ನಗುನಗುತ್ತಾ. ಆಮೇಲೆ ಆತ ಬಾಯಿ ಬಿಡಲಿಲ್ಲವೆಂದು ಗದರಿದ್ದೆ. ತಟ್ಟೆ ಸರಿಸಿ ಎದ್ದೆ.

ಕೇಂದ್ರಕ್ಕೆ ಹೋಗಿ ಅನುಮತಿ ಕೇಳಿದೆ. ಗಂಡನಿಗೆ ರಜೆ ಸಿಗದಿದ್ದರೆ ಸಂಭಾಜಿನಗರದ ನ್ಯಾಯಾಲಯದ ಮಧ್ಯಸ್ಥಿಕೆ ಕೋಣೆಯಲ್ಲೇ ಆತನ ಜೊತೆ ಪ್ರತ್ಯೇಕವಾಗಿ ಕೂರುತ್ತೇನೆ ಎಂದು. ಅನುಮತಿ ಸಿಕ್ಕಿತು. ಹೆಂಡತಿಗೆ ತಿಳಿಸದೆ ಹೋಗುವುದು ಇನ್ನೊಂದು ತಪ್ಪಾಗುತ್ತಿತ್ತು, ಆದ್ದರಿಂದ ಆಕೆಯನ್ನು ಕರೆದು ಹೇಳಿ, ಬರೆದುಕೊಟ್ಟೆ. ಇನ್ನು ಮೇಲೆ ನನ್ನನ್ನು ಅಕ್ಕ ಎನ್ನಬೇಡಿ ಎಂದೂ ಹೇಳಿದೆ. ಆಕೆ ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. "ಹೋಗ್ರಿ ಮೇಡಂ," ಎಂದಳು. ಮೇಡಂ ಎನ್ನುವಲ್ಲಿ ಸ್ವಲ್ಪ ಖಾರ ಇತ್ತು.

ಬೆಳಗಿನ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಹೊರಟೆ. ವಿಂಚೂರಿನ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು ಸಿಕ್ಕಿ ತಡವಾಯಿತು. ಯೇವಲಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಇಳಿದೆ. ಹೆಂಡತಿ ಹೇಳಿದ ಕಲ್ಲುಬೆಂಚು ಕ್ಯಾಂಟೀನಿನ ಪಕ್ಕದಲ್ಲಿತ್ತು. ಆತ ನಿಲ್ಲುವ ಕಂಬ ಆ ತುದಿಯಲ್ಲಿ, ಸಂಭಾಜಿನಗರದ ಬಸ್ಸು ನಿಲ್ಲುವಲ್ಲಿ. ಬೆಂಚಿನಿಂದ ಕಂಬದವರೆಗೆ ನಡೆದು ನೋಡಿದೆ. ನಲವತ್ತು ಹೆಜ್ಜೆ. ಒಂಬತ್ತರ ಹುಡುಗಿಗೆ ಅರವತ್ತಾದರೂ ಬೇಕು. ಒಂದು ಸಿಟ್ಟಿನ ಮಾತು ಹೊತ್ತುಕೊಂಡು ನಡೆಯುವುದಕ್ಕೆ ಅದು ಬಹಳ ದೂರ ಅನ್ನಿಸಿತು.

ಸಂಭಾಜಿನಗರದ ಕೋಣೆಗೆ ಆತ ಊಟದ ಬಿಡುವಿನ ಜೊತೆ ಎರಡು ತಾಸು ರಜೆ ಹಾಕಿ, ಕಾರ್ಖಾನೆಯ ಅಂಗಿ, ದಪ್ಪ ಬೂಟಿನಲ್ಲೇ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಕೈಯಲ್ಲಿ ಒಂದು ಡೈರಿ ಇತ್ತು.

"ನಾ ಅವತ್ತು ಊರು ಕೇಳಿದ್ದು ತಪ್ಪಾಯ್ತು ರೀ," ಎಂದೆ. "ಆಮ್ಯಾಲ ನಿಮ್ ಮ್ಯಾಲ ಸಿಟ್ಟಿಗೆದ್ದದ್ದು ಇನ್ನೊಂದು ತಪ್ಪು."

ಆತ ಇದನ್ನು ನಿರೀಕ್ಷಿಸಿರಲಿಲ್ಲ. ಡೈರಿಯ ಅಂಚನ್ನು ಬೆರಳಿನಿಂದ ಉಜ್ಜಿದ. ಆಮೇಲೆ ಹೇಳಿದ: "ನೀವು ಆಕಿ ತವರಿನವ್ರು ಇದ್ದೀರಿ ಮೇಡಂ. ನಿಮ್ ತಪ್ಪಲ್ಲ. ಆದ್ರ ನಮ್ದು ಎರಡ್ ಸಲ ಹಿರೇರ ಬೈಠಕ್ ಆಗ್ಯದ, ಎರಡೂ ಸಲ ಭಾಲ್ಕಿನ್ಯಾಗೇ. ಆಕಿ ಕಡ್ಯಾವ್ರು ಹನ್ನೊಂದು ಮಂದಿ ಕುಂತಿದ್ರು. ನಮ್ಮ ಕಡೆ ನಾ ಒಬ್ಬ, ನಮ್ಮಪ್ಪ ಒಬ್ಬ. ನಮ್ಮಪ್ಪನ ಬಾಯಿಂದ ಒಂದ್ ಮಾತು ಪೂರಾ ಹೊರಗ ಬೀಳಗೊಡ್ಲಿಲ್ಲ ಅವ್ರು. ನೀವು ಭಾಲ್ಕಿ ಅಂದ ಕೂಡ್ಲೇ ಇದು ಮೂರನೇ ಬೈಠಕ್ ಅಂತ ತಿಳ್ಕೊಂಡೆ."

ನಾನು ಚೀಲದಿಂದ ಕಾಗದ ತೆಗೆದು ಅಲ್ಲೇ ಬರೆದೆ. ಈ ಪ್ರಕರಣದಲ್ಲಿ ಒಂದು ಪಕ್ಷದವರಿಗೆ ನನ್ನ ನಿಷ್ಪಕ್ಷಪಾತದ ಬಗ್ಗೆ ಸಂಶಯ ಬರುವಂತೆ ನಾನೇ ನಡೆದುಕೊಂಡಿದ್ದೇನೆ, ಆದ್ದರಿಂದ ಬೇರೆಯವರನ್ನು ನೇಮಿಸಬೇಕು ಎಂದು. ಸಹಿ ಹಾಕಿ ಆತನ ಮುಂದೆ ಸರಿಸಿದೆ.

"ಇದು ನಿಮ್ಮ ಹತ್ರನೇ ಇರ್ಲಿ. ಈಗ ಬೇಕಂದ್ರ ಈಗ ಕೇಂದ್ರಕ್ಕ ಕೊಡ್ರಿ, ನಾ ಎದ್ದು ಹೋಗ್ತೀನಿ. ಮುಂದ ಯಾವಾಗ ಅನ್ನಸ್ತದ ಅವಾಗ ಕೊಡ್ರಿ. ನನ್ನ ಕೇಳೂದು ಬ್ಯಾಡ."

ಹೀಗೆ ಮಾಡಬಹುದೆಂದು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಆತ ಕೊಟ್ಟೇಬಿಟ್ಟರೆ ಎಂದು ನನಗೆ ಭಯವೂ ಇತ್ತು. ಹೊಸಬರು ಬಂದು ಕಡತ ಓದಿ ಮುಗಿಸುವಷ್ಟರಲ್ಲಿ ತಾರೀಖು ಬಂದುಬಿಡುತ್ತಿತ್ತು, ಹುಡುಗಿ ಆ ಬಾಗಿಲಿಗೆ ಹೋಗುತ್ತಿದ್ದಳು. ಆತ ಕಾಗದವನ್ನು ಎರಡು ಸಲ ಓದಿ, ಮಡಿಚಿ, ಡೈರಿಯೊಳಗೆ ಇಟ್ಟ. ಆಮೇಲೆ ಕುರ್ಚಿಯಲ್ಲಿ ಹಿಂದೆ ಸರಿದು ಕೂತ.

"ಆಕಿ ಎರಡು ನಾಲಗಿ ಹೆಂಗಸು ಅಂತ ನನ್ನ ಕಡೆ ಸಬೂತು ಅದ," ಎಂದು ಡೈರಿ ತೆರೆದ. ಮಗಳು ತಂದ ಪ್ರತಿ ಮಾತನ್ನೂ ತಾರೀಖು ಹಾಕಿ ಬರೆದಿಟ್ಟುಕೊಳ್ಳಲು ವಕೀಲರು ಹೇಳಿದ್ದರಂತೆ. ಆತನ ವೃತ್ತಿಯೇ ಅಳೆದು ಬರೆಯುವುದು. ಒಂದು ಕೊಂಬೂ ತಪ್ಪಿಸದೆ ಬರೆದಿದ್ದ. ಮಗಳು ಮರಾಠಿಯಲ್ಲಿ ಹೇಳಿದ್ದನ್ನು ಓದಿ ಹೇಳತೊಡಗಿದ. ಅಜ್ಜನ ಮೊಣಕಾಲು ಹೇಗಿದೆ ಎಂದು ಮಮ್ಮಿ ಕೇಳಿದಳು. ಕಳೆದ ಸಲ ನೀನು ಕೊಡಿಸಿದ ಫ್ರಾಕು ಮಮ್ಮಿಗೆ ಬಹಳ ಹಿಡಿಸಿತು. ಹಾಗೇ ಪುಟ ತಿರುವಿ ಒಂದು ಕಡೆ ಬೆರಳಿಟ್ಟ.

"ಇದು ನೋಡ್ರಿ. ಆ ತಡ ಆಯ್ತಲ್ಲ, ಅದರ ಹಿಂದಿನ ಸಲದ್ದು. 'ಪಪ್ಪಾ, ಅವಸರ ಮಾಡಬೇಡ, ಆರಾಮಾಗಿ ಬಾ, ತಡವಾದರೆ ನಾವು ನಿಂತಿರ್ತೇವೆ ಅಂತ ಮಮ್ಮಿ ಹೇಳಿದಳು.' ಅವತ್ತು ವೈಜಾಪುರದ ಹತ್ರ ಬಸ್ ಪಂಕ್ಚರ್ ಆಯ್ತು. ನಿಲ್ತೀವಿ ಅಂದಾರಲ್ಲ ಅಂತ ಆರಾಮ ಇದ್ದೆ. ಬಂದ್ ನೋಡಿದ್ರ ಯಾರೂ ಇಲ್ಲ. ನಿಲ್ತೀವಿ ಅಂತ ಹೇಳಿ ಕಳಿಸಿ ಹೊಂಟು ಹೋಗ್ಯಾಳ. ಇದು ಮೋಸ ಅಲ್ಲೇನ್ರಿ?"

ನಾನು ಪೆನ್ನು ಕೆಳಗಿಟ್ಟೆ. ಐದು ನಿಮಿಷ ತಡವಾದರೂ ಹೊಳ್ಳಿ ಹೋಗ್ತೀನಿ. ಆರಾಮಾಗಿ ಬಾ, ನಿಂತಿರ್ತೇವೆ. ಎರಡೂ ಒಂದೇ ಮಾತು. ಹೊರಟದ್ದು ಒಂದು, ಮುಟ್ಟಿದ್ದು ಇನ್ನೊಂದು. ನಡುವೆ ಇದ್ದದ್ದು ಆ ಹುಡುಗಿ ಒಬ್ಬಳೇ. ಒಂದು ವರ್ಷದಿಂದ ಆಕೆ ಅಮ್ಮನ ಬೈಗುಳವನ್ನು ದಾರಿಯಲ್ಲಿ ಎಸೆದು, ತನ್ನದೇ ಒಂದು ಒಳ್ಳೆಯ ಮಾತು ಮಾಡಿಕೊಂಡು ಅಪ್ಪನಿಗೆ ಒಪ್ಪಿಸುತ್ತಿದ್ದಳು. ಇಡೀ ಜಗಳ ಕೋರ್ಟು ಹತ್ತಿದ್ದು ಆಕೆಯ ಆ ಒಳ್ಳೆಯತನದ ಮೇಲೆ.

ಹೇಳಿಬಿಡೋಣ ಎಂದು ನಾಲಗೆಯ ತುದಿಗೆ ಬಂತು. ಹೇಳುವಂತಿರಲಿಲ್ಲ. ಆ ಮಾತಿಗೆ ಹೆಂಡತಿ ಬೀಗ ಹಾಕಿದ್ದಳು. ಹೇಳಿದರೂ ಆತ ನಂಬುತ್ತಿರಲಿಲ್ಲ, ತವರಿನವಳು ಕಟ್ಟಿದ ಕಥೆ ಎನ್ನುತ್ತಿದ್ದ. ಅಥವಾ ನಂಬಿ, ಮುಂದಿನ ಶನಿವಾರ ಮಗಳನ್ನೇ ನಿಲ್ಲಿಸಿ ಕೇಳುತ್ತಿದ್ದ. ಅದು ಇನ್ನೂ ಕೆಟ್ಟದ್ದು. ನಾನು ನೀರು ಕುಡಿದೆ.

"ಇದನ್ನ ನಿಮ್ಮ ಹೆಂಡತಿಗೆ ತಿಳಿಸಬಹುದೇನು?"

"ಬ್ಯಾಡ್ರಿ. ಮುಂದಿನ ತಾರೀಖಿಗೆ ಕೋರ್ಟಿಗೇ ಹಾಕ್ತಾರ ವಕೀಲ್ರು."

"ಹಾಕ್ಲಿ. ಹಾಕಿದ ಮ್ಯಾಲ ಆ ಕಡೆ ವಕೀಲರು ಏನು ಕೇಳ್ತಾರ?"

"ಏನು ಕೇಳ್ತಾರ?"

"ಆಕಿ ಬರದದ್ದಲ್ಲ ಇದು. ಆಕಿ ಬಾಯಿಂದ ನೀವು ಕೇಳಿದ್ದೂ ಅಲ್ಲ. ನಿಮಗ ಹೇಳಿದವ್ರು ಯಾರು ಅಂತ ಕೇಳ್ತಾರ."

ಆತ ಡೈರಿ ನೋಡಿದ. "ಮಗಳು."

"ಹಂಗಾರ ಇದು ಖರೇನೋ ಸುಳ್ಳೋ ಅಂತ ಯಾರಿಗೆ ಕೇಳಬೇಕಾಗ್ತದ?"

ಹೊರಗೆ ಯಾರೋ ಪ್ರಕರಣದ ಸಂಖ್ಯೆ ಕೂಗುತ್ತಿದ್ದರು. ಆತ ಆ ಪುಟವನ್ನೇ ನೋಡುತ್ತಾ ಬಹಳ ಹೊತ್ತು ಕೂತ. ಆತನ ರಜೆಯ ಎರಡು ತಾಸು ಅಲ್ಲಿಯೇ ಕರಗುತ್ತಿತ್ತು, ನಾನು ಅವಸರ ಮಾಡಲಿಲ್ಲ. ನನ್ನಂಥವಳಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

"ಆಕಿ ಮಮ್ಮಿ ಇದಕ್ಕ ಏನಂತಾಳ?" ಎಂದ ಕೊನೆಗೆ.

"ಅದು ನಾ ಹೇಳೂ ಹಂಗಿಲ್ಲ. ನೀವು ಹೇಳಿದ್ದೂ ಆಕಿಗೆ ಹೇಳೂ ಹಂಗಿಲ್ಲ. ನೀವೇ ಕೇಳಬಹುದು. ಎದುರಾ ಎದುರು."

"ಓದೂದು ನಾನೇ ಓದ್ತೀನಿ. ಡೈರಿ ಯಾರ ಕೈಯಾಗೂ ಕೊಡೂದಿಲ್ಲ," ಎಂದು ಆತ ಎದ್ದ. ಅಷ್ಟು ಸಾಕಿತ್ತು ನನಗೆ.

ನಾಸಿಕಕ್ಕೆ ಬಂದು ಹೆಂಡತಿಯನ್ನು ಕರೆದೆ. ಮಗಳ ಕೈಯಲ್ಲಿ ನೀವು ಹೇಳಿ ಕಳಿಸಿದ ಮಾತುಗಳನ್ನು ಅವರ ಎದುರಿಗೆ ನೀವೇ ಹೇಳುತ್ತೀರಾ ಎಂದು ಕೇಳಿದೆ. ಯಾಕೆ ಎಂದಳು. ಹೇಳಲಾರೆ ಎಂದೆ.

"ಅಲ್ಲಿ ಹೋಗಿ ಬಂದ ಮ್ಯಾಲ ನೀವು ಬದಲಾಗೀರಿ," ಎಂದಳು. ಅಕ್ಕನಾಗಿದ್ದವಳು ಈಗ ಆಕೆಯ ಕಣ್ಣಲ್ಲಿ ಸೇಡಂ ಕಡೆಯವಳಾಗಿದ್ದೆ. ಎರಡೂ ಕಡೆಯಿಂದ ಸಂಶಯ ಬಂದರೆ ನಾನು ನಡುವೆ ಇದ್ದೇನೆ ಎಂದರ್ಥ, ಆದರೆ ಅದು ಸಮಾಧಾನ ಕೊಡುವ ಸಂಗತಿಯಲ್ಲ. ಆಕೆ ಕೈಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಅಲ್ಲಿಂದ ತಿರುಗಿ, "ನಾ ಹೇಳಿದ್ದು ನಾ ಹೇಳ್ಲಿಕ್ಕ ನನಗೇನು ಹೆದರಿಕಿ? ಹೇಳ್ತೀನಿ," ಎಂದಳು. ಆಕೆಯ ಹಟ ನನ್ನನ್ನು ಕಾಪಾಡಿತು.

ತಾರೀಖಿಗೆ ಎಂಟು ದಿನ ಉಳಿದಿತ್ತು. ವಕೀಲರಿಬ್ಬರನ್ನೂ ಹೊರಗೆ ಕೂರಿಸಿ, ಮೊದಲು ಒಂದು ಕಾಗದ ಮುಂದಿಟ್ಟೆ. ಇಲ್ಲಿ ಏನೇ ಗೊತ್ತಾದರೂ ಅದಕ್ಕಾಗಿ ಮಗಳನ್ನು ಬೈಯುವುದಿಲ್ಲ, ವಿಚಾರಿಸುವುದಿಲ್ಲ, ಕೋರ್ಟಿನಲ್ಲಿ ಆಕೆಯ ಹೆಸರು ತರುವುದಿಲ್ಲ. ಇಬ್ಬರಿಗೂ ಅನುಮಾನ ಬಂತು. ನಾನು ವಿವರಿಸಲಿಲ್ಲ. ಸಹಿಯಾಗದೆ ಮುಂದೆ ಹೋಗುವುದಿಲ್ಲ ಎಂದೆ. ಮೊದಲು ಆಕೆ ಹಾಕಿದಳು, ಆಮೇಲೆ ಆತ.

ಆತ ಡೈರಿ ತೆರೆದು ತಾರೀಖು ಓದಿದ. ಆಮೇಲೆ ಮಾತು ಓದಿದ. ಆರಾಮಾಗಿ ಬಾ, ನಾವು ನಿಂತಿರ್ತೇವೆ.

"ನಾ ಹಂಗ ಎಂದೂ ಹೇಳಿಲ್ಲ," ಎಂದಳು ಆಕೆ ತಟ್ಟನೆ. "ಐದು ನಿಮಿಷ ತಡ ಆದ್ರೂ ಹೊಳ್ಳಿ ಹೋಗ್ತೀನಿ ಅಂದಿದ್ದೆ. ಆಕಿ ಹೇಳಿದ್ಳಲ್ಲ ನಿಮಗ."

"ನೀ ಸುಳ್ಳು ಹೇಳ್ಲಾಕತ್ತಿ. ಬರದೀನಿ ಇಲ್ಲಿ."

"ನೀವೇ ಬರ್ಕೊಂಡೀರಿ, ನಿಮಗ ಬೇಕಾದಂಗ."

ದನಿಗಳು ಏರಿದವು. ಹೊರಗಿನಿಂದ ಒಬ್ಬ ವಕೀಲರು ಬಾಗಿಲಲ್ಲಿ ಇಣುಕಿದರು, ಕೈ ಮಾಡಿ ಕಳಿಸಿದೆ. ಇಲ್ಲಿ ನಾನು ಬಾಯಿ ಹಾಕಿದರೆ ಎಲ್ಲ ಕೆಡುತ್ತದೆ ಎಂದು ಅನುಭವ ಹೇಳುತ್ತಿತ್ತು. ಎರಡೂ ಕೈ ಬಿಗಿಹಿಡಿದು ಕೂತೆ. "ಮುಂದಿಂದು ಓದ್ರಿ," ಎಂದಷ್ಟೇ ಹೇಳಿದೆ.

ಅಜ್ಜನ ಮೊಣಕಾಲು ಹೇಗಿದೆ ಎಂದು ಮಮ್ಮಿ ಕೇಳಿದಳು.

ಆಕೆ ಬಾಯಿ ತೆರೆದಳು, ಮುಚ್ಚಿದಳು. "ಮೊಣಕಾಲಿಂದು ನನಗ ಗೊತ್ತೇ ಇಲ್ಲ," ಎಂದಳು. ದನಿ ಇಳಿದಿತ್ತು. ಫ್ರಾಕಿನ ಮಾತು ಓದಿದಾಗ, "ಆ ಫ್ರಾಕು ಕಪಾಟಿನ್ಯಾಗೇ ಅದ. ಇಂಥದ್ದೆಲ್ಲ ಯಾಕ ತರ್ತೀ ಅಂತ ಆಕಿಗೇ ಬೈದಿದ್ದೆ," ಎಂದಳು. ಆಮೇಲೆ ಆಕೆಯೇ ಆತನನ್ನು ಕೇಳಿದಳು, ಒಂದು ವರ್ಷದಲ್ಲಿ ಮೊದಲ ಸಲ. "ಅವ್ವಗ ಆಪರೇಷನ್ ಆದಾಗ ನೀವು ಏನು ಹೇಳಿ ಕಳಿಸಿದ್ರಿ? ಅಜ್ಜಿ ಲಗೂ ಆರಾಮ ಆಗ್ಲಿ, ಏನಾದ್ರೂ ಬೇಕಂದ್ರ ಹೇಳು ಅಂತ ಪಪ್ಪ ಹೇಳ್ಯಾರ ಅಂದಿದ್ಳು. ನಾ ಅವತ್ತು ಅತ್ತಿದ್ದೆ."

ಆತ ನೆಲ ನೋಡಿದ. "ಅಜ್ಜಿ ನೆಪ ಹೇಳಿ ಶನಿವಾರ ತಪ್ಸೂದು ಸಾಕು ಅಂತ ಹೇಳು ಅಂದಿದ್ದೆ."

ಆತ ಪುಟಗಳನ್ನು ಮೊದಲಿನಿಂದ ತಿರುವುತ್ತಾ ಹೋದ, ಓದಲಿಲ್ಲ. ಪ್ರತಿ ಪುಟದಲ್ಲೂ ಎರಡು ಮೂರು ಸಾಲು, ತಾರೀಖು ಸಮೇತ. ಡೈರಿ ಮುಚ್ಚಿದ.

"ಹಂಗಾರ ಒಂದ್ ವರ್ಷ ನಾ ಯಾರ ಜೋಡಿ ಮಾತಾಡ್ದೆ?" ಎಂದ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಉತ್ತರ ಮೂವರಿಗೂ ಗೊತ್ತಿತ್ತು. ನನ್ನ ಕಣ್ಣೂ ತುಂಬಿ ಬಂತು, ಕಡತದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಉಳಿದದ್ದು ಒಂದೇ ದಿನದಲ್ಲಿ ಮುಗಿಯಲಿಲ್ಲ. ಇನ್ನೆರಡು ಸಲ ಕೂತೆವು. ಫೋನಿನ ಬ್ಲಾಕ್ ತೆಗೆಯುವುದು, ದಿನಕ್ಕೊಂದೇ ಸಂದೇಶ, ಅದರಲ್ಲಿ ಮಗಳ ಆರೋಗ್ಯ, ಶಾಲೆ, ಬಸ್ಸಿನ ಹೊತ್ತು ಬಿಟ್ಟು ಬೇರೇನೂ ಇರಬಾರದು. ತಡವಾದರೆ ದಾರಿಯಿಂದಲೇ ತಿಳಿಸುವುದು. ಮಗಳು ತಾಯಿಯ ಹತ್ತಿರ ಇರುವುದು, ಶನಿವಾರಗಳ ಜೊತೆಗೆ ಬೇಸಿಗೆ ರಜೆಯ ಅರ್ಧ ತಂದೆಯ ಹತ್ತಿರ. ಇಬ್ಬರೂ ಅರ್ಜಿ ವಾಪಸು ತೆಗೆದುಕೊಳ್ಳುವುದು. ಮದುವೆಯ ಬಗ್ಗೆ ಇಬ್ಬರ ಮನಸ್ಸೂ ಬದಲಾಗಲಿಲ್ಲ, ಬದಲಾಗಬೇಕೆಂದು ನಾನೂ ಬಯಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮಗಳಿಗೆ ಏನು ಹೇಳಬೇಕು ಎನ್ನುವುದು. ನಮಗೆ ಎಲ್ಲ ಗೊತ್ತಾಗಿದೆ ಎಂದು ಹೇಳೋಣ ಎಂದ ಆತ. ಬೇಡ, ಸುಳ್ಳು ಹೇಳಿ ಸಿಕ್ಕಿಬಿದ್ದೆ ಎಂದು ಆಕೆ ಹೆದರುತ್ತಾಳೆ ಎಂದಳು ತಾಯಿ. ಅರ್ಧ ಗಂಟೆ ಇದರ ಮೇಲೆ ವಾದ ನಡೆಯಿತು. ಒಬ್ಬರಿಗೊಬ್ಬರು ಮುಖ ಕೊಟ್ಟು ವಾದ ಮಾಡುತ್ತಿದ್ದಾರೆ ಎಂದು ಅವರಿಗೇ ಗೊತ್ತಿರಲಿಲ್ಲ. ನಾನು ನೆನಪಿಸಲಿಲ್ಲ. ಕೊನೆಗೆ ತಾಯಿಯ ಮಾತು ನಿಂತಿತು. ಇನ್ನು ಮೇಲೆ ಹೇಳುವುದು ಕೇಳುವುದು ನಾವಿಬ್ಬರೇ ಮಾಡುತ್ತೇವೆ ಎಂದಷ್ಟೇ ಹೇಳುವುದು.

ತಾರೀಖಿನ ಹಿಂದಿನ ದಿನ, ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಕೇಂದ್ರಕ್ಕೆ ಕರೆತಂದರು. ಯೂನಿಫಾರ್ಮಿನಲ್ಲಿದ್ದಳು, ಎರಡು ಜಡೆ, ಮೊಣಕಾಲಿಗೆ ಹಳೆಯ ಗಾಯದ ಕಲೆ. ಅಪ್ಪ ಅಮ್ಮ ಇಬ್ಬರೂ ಮೇಜಿನ ಒಂದೇ ಕಡೆ ಕೂತಿದ್ದನ್ನು ನೋಡಿ ಬಾಗಿಲಲ್ಲೇ ನಿಂತಳು. ಎದುರಿನ ಕುರ್ಚಿ ತೋರಿಸಿದೆ.

ಆತ ಮಗಳನ್ನು ಮರಾಠಿಯ ಮುದ್ದು ಮಾತಿನಲ್ಲಿ ಕರೆದು ಶುರು ಮಾಡಿದ. "ಬಾಳಾ, ಇನ್ನ ಮ್ಯಾಲ ಮಮ್ಮಿಗೆ ಏನಾದ್ರೂ ಹೇಳೂದಿದ್ರ ನಾನೇ ಹೇಳ್ತೀನಿ. ಮಮ್ಮಿನೂ ನನಗೇ ಹೇಳ್ತಾಳ. ನೀ ಹೇಳೂದು ಬ್ಯಾಡ."

ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮರಾಠಿಯಲ್ಲೇ. ಒಬ್ಬರ ಮುಖ, ಇನ್ನೊಬ್ಬರ ಮುಖ ನೋಡಿದಳು. ಬೆರಳಿನಿಂದ ಮೇಜಿನ ಅಂಚು ಕೆರೆದಳು. ಆಮೇಲೆ ತಾಯಿಗೆ, ಮೆಲ್ಲಗೆ, "ಕಳೆದ ಸಲದ್ದು ಒಂದು ಉಳಿದಿದೆ," ಎಂದಳು. "ಅದನ್ನು ಹೇಗೆ ಹೇಳಬೇಕು ಅಂತ ನನಗೆ ತಿಳಿಯಲಿಲ್ಲ."

ತಾಯಿಯ ಮುಖದ ರಕ್ತ ಇಳಿದುಹೋಯಿತು. ಕಳೆದ ಸಲವೆಂದರೆ ಡೈರಿ ಓದುವುದಕ್ಕಿಂತ ಎರಡು ದಿನ ಮೊದಲಿನ ಶನಿವಾರ. ಆಕೆ ಏನು ಹೇಳಿ ಕಳಿಸಿದ್ದಳೋ ನನಗೆ ಗೊತ್ತಿರಲಿಲ್ಲ. ಎಲ್ಲ ಇಲ್ಲಿಗೇ ಮುರಿದುಬಿದ್ದರೆ ಎಂದು ಹೆದರಿದೆ. ತಡೆಯಬೇಕೆನ್ನಿಸಿತು, ತಡೆಯಲಿಲ್ಲ.

"ಅದನ್ನ ನಾ ಹೇಳ್ತೀನಿ," ಎಂದಳು ಆಕೆ. ಗಂಡನ ಕಡೆ ತಿರುಗಿದಳು. "'ಇನ್ನ ಮ್ಯಾಲ ನನಗ ಬರೂ ಮನಸ್ಸಿಲ್ಲ' ಅಂತ ನೀನೇ ಪಪ್ಪಗ ಹೇಳು ಅಂತ ಆಕಿಗೆ ಅಂದಿದ್ದೆ. ಅದು ಆಕಿ ಮನಸಿನ್ಯಾಗಿಂದಲ್ಲ. ನನ್ನ ಮಾತು. ಆಕಿ ಬಾಯಾಗ ಇಡ್ಲಿಕ್ಕೆ ನೋಡಿದ್ದೆ."

ಆತನ ದವಡೆ ಬಿಗಿಯಿತು. ಮೇಜಿನ ಮೇಲಿನ ಕೈ ಮುಷ್ಟಿಯಾಯಿತು. ಹುಡುಗಿ ಆ ಕೈಯನ್ನೇ ನೋಡುತ್ತಿದ್ದಳು. ಆತನಿಗೂ ಅದು ಕಂಡಿತು. ಮುಷ್ಟಿ ಬಿಚ್ಚಿದ, ಉಸಿರು ಬಿಟ್ಟ.

"ಆಯ್ತು. ನನಗ ಹೇಳ್ದಿ," ಎಂದ. "ನನಗ ಸಿಟ್ಟು ಬಂದದ. ಆದ್ರ ನನಗ ಹೇಳ್ದಿ."

ತಾಯಿ ಆತನನ್ನೇ ಕೇಳಿದಳು. "ಈ ಶನಿವಾರ ಎಷ್ಟಕ್ಕ ಬರ್ತೀರಿ?"

"ಎರಡಕ್ಕ."

ಹುಡುಗಿ ಕೂಡಲೇ ತಾಯಿಯ ಕಡೆ ವಾಲಿದಳು. "ಮಮ್ಮಿ, ಪಪ್ಪಾ ಎರಡು ಗಂಟೆಗೆ" ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು.

"ಹೂಂ," ಎಂದಳು ತಾಯಿ. "ನನಗ ಕೇಳಿಸ್ತು."